ಐರ್ಲೆಂಡಿನ ಖಾಲಿ ಕಲ್ಲು

ಬನಹಟ್ಟಿ ಬಿಡುವ ಮೊದಲು

ಪರದೇಶಕ್ಕೆ ಹೋಗಿ ಬಂದವರು ಮೊದಲು ಅಲ್ಲಿಯ ಚಂದ ಹೇಳಬೇಕು. ನನಗೆ ಮೊದಲು ನೆನಪಾಗುವುದು ನನ್ನ ಕಾಲು. ಮೂರು ವಿಮಾನ ಹತ್ತಿ ಇಳಿದು ಡಬ್ಲಿನ್ ಮುಟ್ಟುವ ಹೊತ್ತಿಗೆ ಪಾದಗಳು ಬಾತು, ಮನೆಯಲ್ಲಿ ಸಡಿಲಾಗಿದ್ದ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಅಚ್ಚೊತ್ತಿತ್ತು. ಹನ್ನೊಂದು ದಿನ ಐರ್ಲೆಂಡಿನಲ್ಲಿದ್ದೆ. ಹನ್ನೊಂದು ದಿನವೂ ದಣಿದಿದ್ದೆ. ಶಾಲೆಯಲ್ಲಿ ಜೊತೆಯವರು ಹ್ಯಾಂಗಿತ್ತರಿ ಟೀಚರ್ ಎಂದು ಕೇಳಿದರೆ, ಛಲೋ ಇತ್ತರಿ ಎಂದು ಹೇಳಿ ಹಾಜರಿ ಪುಸ್ತಕ ತೆಗೆಯುತ್ತೇನೆ. ನಡೆದದ್ದನ್ನು ಮೊದಲಿನಿಂದ ಹೇಳದೆ ಹೋದರೆ ಅದು ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಕರೆ ಬಂದದ್ದು ನನಗಲ್ಲ, ನನ್ನ ತಾಯಿಯ ಅಕ್ಕ ಗಂಗವ್ವನಿಗೆ. ನನಗೆ ಆಕೆ ದೊಡ್ಡವ್ವ. ಎಪ್ಪತ್ತು ದಾಟಿದೆ. ಬೀಳಗಿ ತಾಲ್ಲೂಕಿನ ಅವಳ ಹುಟ್ಟೂರು ಕೃಷ್ಣೆಯ ಹಿನ್ನೀರಿನಲ್ಲಿ ಹೋಯಿತು. ಈಗ ಬೀಳಗಿಯಲ್ಲೇ ಮಗನ ಮನೆಯಲ್ಲಿದ್ದಾಳೆ. ಬೀಸುವ ಹಾಡು ಮೊದಲಿನಿಂದ ಕೊನೆಯತನಕ ಬರುವವರು ನಮ್ಮ ಬಳಗದಲ್ಲಿ ಅವಳೊಬ್ಬಳೇ.

ಎರಡು ವರ್ಷದ ಹಿಂದೆ ಮೇವ್ ಎಂಬ ಐರ್ಲೆಂಡಿನ ಹುಡುಗಿ ರಬಕವಿಗೆ ಬಂದಿದ್ದಳು. ಐದು ಜನರ ಒಂದು ಹಾಡಿನ ತಂಡ ಅವಳದು. ಅಜ್ಜ ಅಜ್ಜಿಯರ ಕಾಲದ ಹಾಡುಗಳಿಗೆ ಕಂಪ್ಯೂಟರಿನ ಸಪ್ಪಳ ಕೂಡಿಸಿ ಈಗಿನವರು ಕುಣಿಯುವ ಹಾಗೆ ಮಾಡುವುದು ಅವರ ಕೆಲಸ. ಪಾವರ್‌ಲೂಮಿನ ಸದ್ದು ಹಿಡಿದುಕೊಳ್ಳಲು ಬಂದಿದ್ದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎರಡು ದಿನ ಒಂದೇ ಮಗ್ಗದ ಮುಂದೆ ನಿಂತಾಗ, ಮಾಲಕರು ಗಾಬರಿಯಾಗಿ ಮಗ್ಗದಾಗ ಏನರೆ ಫಾಲ್ಟ್ ಐತೇನ್ರಿ ಎಂದು ನನ್ನನ್ನು ಕೇಳಿದ್ದರು. ಇಂಗ್ಲಿಷ್ ಕಲಿಸುವವಳು ಎಂಬ ಕಾರಣಕ್ಕೆ ಅವಳ ಜೊತೆ ತಿರುಗುವ ಕೆಲಸ ನನಗೆ ಬಿದ್ದಿತ್ತು. ಅದೇ ವಾರ ಬೀಳಗಿಯಲ್ಲಿ ದೊಡ್ಡವ್ವನ ಮೊಮ್ಮಗಳ ಮದುವೆ. ಅವಳನ್ನೂ ಕರೆದುಕೊಂಡು ಹೋದೆ. ಈಗ ಬೀಸುಕಲ್ಲು ಹೊರಬರುವುದು ಮದುವೆಯ ಅರಿಶಿಣ ಬೀಸುವಾಗ ಮಾತ್ರ. ದೊಡ್ಡವ್ವ ಕಲ್ಲಿನ ಮುಂದೆ ಕುಳಿತು ಹಾಡಿದಳು. ಮೇವ್ ಅದನ್ನೆಲ್ಲ ಯಂತ್ರದಲ್ಲಿ ತುಂಬಿಕೊಂಡಳು.

ಆಮೇಲೆ ತಿಂಗಳುಗಟ್ಟಲೆ ಫೋನು. ಕೊನೆಗೆ ಮೇ ರಜೆಯಲ್ಲಿ ನಮ್ಮೂರಿಗೆ ಬನ್ನಿ, ನಮ್ಮ ಜೊತೆ ಹಾಡಿ ಎಂಬ ಪತ್ರ ಬಂತು. ದೊಡ್ಡವ್ವ ಬರುವುದಿಲ್ಲ ಎಂದು ನಾನು ತಿಳಿದಿದ್ದೆ. ಅವಳು ಒಪ್ಪಿದಳು.

"ಹಾಡ ಕಲಿ ಅಂತ ನಿನ್ನ ಕೇಳಿದೆ, ದನಿ ಇಲ್ಲ ಅಂದಿ. ಸೊಸಿನ್ನ ಕೇಳಿದೆ, ಗಿರಣಿ ಐತಲ್ಲ ಅತ್ತಿ ಅಂದ್ಲು," ಎಂದಳು. "ನನ್ನ ಜೋಡಿ ಮಣ್ಣಿಗೆ ಹೋಗೂದ್ಕಿಂತ ಅಲ್ಲ್ಯಾರ ಇರ್ಲಿ."

ನಾನು ಪಾಸ್‌ಪೋರ್ಟಿನ ಫೋಟೋಕ್ಕೆ ಯಾವ ಸೀರೆ ಎಂದು ಕೇಳಿ ಮಾತು ತಿರುಗಿಸಿದೆ.

ಡಬ್ಲಿನ್, ತಪಾಸಣೆಯ ಮೇಜು

ವಿಮಾನ ನಿಲ್ದಾಣದಲ್ಲಿ ಹಾಲಿನ ಪದಾರ್ಥ ತರುವಂತಿಲ್ಲ ಎಂದು ಬೋರ್ಡಿತ್ತು. ನಾನು ಓದಿ ಹೇಳಿದೆ. ದೊಡ್ಡವ್ವ ತನ್ನ ಕೈಚೀಲ ಎದೆಗೆ ಒತ್ತಿಕೊಂಡಳು. ಆಗ ನನಗೆ ತಿಳಿಯಿತು. ಸ್ಟೀಲ್ ಡಬ್ಬಿಯಲ್ಲಿ ಬೆಣ್ಣೆ ತಂದಿದ್ದಾಳೆ. ಬಿಸಿಲಿಗೆ ಹೊರಟದ್ದು ಈಗ ತುಪ್ಪಕ್ಕೂ ಬೆಣ್ಣೆಗೂ ನಡುವಿನ ಏನೋ ಆಗಿತ್ತು. ನಾನಾಗಿಯೇ ಮೇಜಿನ ಮೇಲಿಟ್ಟೆ. ಖಡಕ್ ರೊಟ್ಟಿಯ ಗಂಟನ್ನೂ ಬಿಚ್ಚಿದೆ. ಅರ್ಧ ರೊಟ್ಟಿ ಪುಡಿಯಾಗಿದ್ದವು. ಅಧಿಕಾರಿ ಒಂದು ಚೂರು ಬೆರಳಲ್ಲಿ ಮುರಿದು ನೋಡಿ, ಇದು ತಿನ್ನುವುದೇ ಎಂದು ಕೇಳಿದ. ಹೌದೆಂದೆ. ರೊಟ್ಟಿ ನಮಗೆ ಬಿಟ್ಟು ಬೆಣ್ಣೆ ಇಟ್ಟುಕೊಂಡ.

ದೊಡ್ಡವ್ವ ಡಬ್ಬಿಯನ್ನಾದರೂ ಕೊಡು ಎಂದು ಕನ್ನಡದಲ್ಲೇ ಕೇಳಿದಳು. ಅವನು ಏನು ತಿಳಿದುಕೊಂಡನೋ, ಡಬ್ಬಿ ತೊಳೆದು ತಂದು ಕೊಟ್ಟ. ಹೊರಗೆ ಬಂದ ಮೇಲೂ ಅವಳ ಚಿಂತೆ ಒಂದೇ. ಉಣ್ಣೂ ಮನಿಗೆ ಬರಿಗೈಲಿ ಹ್ಯಾಂಗ ಹೋಗೂದು.

ಬಸ್ಸಿನಲ್ಲಿ

ಮೇವ್ ಬಂದು ನಮ್ಮನ್ನು ಬಸ್ಸಿಗೆ ಹತ್ತಿಸಿದಳು. ಪಶ್ಚಿಮದ ಸಮುದ್ರದ ಕಡೆಗೆ ಹೋಗುವ ಬಸ್ಸು. ದಾರಿಯುದ್ದಕ್ಕೂ ಹಸಿರು, ಕಲ್ಲಿನ ಗೋಡೆ, ಕುರಿ, ಮತ್ತೆ ಹಸಿರು. ಹೊರಗೆ ಮಳೆಯೂ ಅಲ್ಲದ, ಮಂಜೂ ಅಲ್ಲದ ಒಂದು ತೇವ ಗಾಜಿಗೆ ಅಂಟಿಕೊಂಡಿತ್ತು. ಮುಧೋಳದ ಕಡೆ ಕಬ್ಬಿನ ಹಸಿರು ನೋಡಿ ಬೆಳೆದವಳು ನಾನು. ಆ ಹಸಿರಿನಲ್ಲಿ ಟ್ರ್ಯಾಕ್ಟರ್ ಇರುತ್ತದೆ, ಕೂಗು ಇರುತ್ತದೆ. ಇಲ್ಲಿಯದು ಯಾರೂ ಕೆಲಸಕ್ಕೆ ಬರದ ದಿನದ ಹಸಿರಿನ ಹಾಗಿತ್ತು. ನೋಡುತ್ತ ನೋಡುತ್ತ ನಿದ್ದೆ ಹತ್ತಿತು. ದೊಡ್ಡವ್ವ ಮೊಣಕೈಯಿಂದ ತಿವಿದು ಎಬ್ಬಿಸಿದಳು.

ಬಸ್ಸು ಒಂದು ಊರಲ್ಲಿ ನಿಂತಿತ್ತು. ಇಳಿಯುವವರೆಲ್ಲ ಒಬ್ಬೊಬ್ಬರಾಗಿ ಚಾಲಕನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ಶಾಲೆಯ ಹುಡುಗಿಯರು, ಕೋಲು ಹಿಡಿದ ಮುದುಕ, ಎಲ್ಲರೂ. ದೊಡ್ಡವ್ವ ಅವರನ್ನು ಎಣಿಸುವ ಹಾಗೆ ನೋಡಿದಳು. ಅವ ಇವರಿಗೆ ಏನ ಕೊಟ್ಟ ಎಂದು ಕೇಳಿದಳು. ಏನೂ ಇಲ್ಲ, ಊರು ಮುಟ್ಟಿಸಿದ್ದಕ್ಕೆ, ಎಂದೆ.

"ನಮ್ಮಲ್ಲೆ ಇಳ್ಯೂದರಾಗ ಡಬಲ್ ಬೆಲ್ ಹೊಡದಿರ್ತಾನ," ಎಂದು ಹೇಳಿ ಮತ್ತೆ ಹೊರಗೆ ನೋಡಿದಳು. ನಾವು ಇಳಿಯುವಾಗ ಅವಳೂ ಚಾಲಕನ ಮುಂದೆ ನಿಂತು ಕೈ ಮುಗಿದಳು. ಹಿಂದೆ ಸಾಲು ನಿಂತಿತ್ತು, ಯಾರೂ ತಳ್ಳಲಿಲ್ಲ.

ಡೋನಲ್‌ನ ತಾಯಿಯ ಮನೆ

ನಾವು ಉಳಿದದ್ದು ತಂಡದ ಪಿಟೀಲು ನುಡಿಸುವ ಡೋನಲ್‌ನ ತಾಯಿಯ ಮನೆಯಲ್ಲಿ. ಡೋನಲ್ ಐವತ್ತರ ಹತ್ತಿರದವನು, ಮಾತು ಕಡಿಮೆ. ಅವನ ತಾಯಿ ದೊಡ್ಡವ್ವನ ವಯಸ್ಸಿನವರು. ಬಾಗಿಲಲ್ಲೇ ಚಹಾ ತಗೊಳ್ಳಿ ಎಂದರು. ದೊಡ್ಡವ್ವ ಬ್ಯಾಡ ಎಂದಳು. ಮತ್ತೆ ಕೇಳಿದರು, ಮತ್ತೆ ಬ್ಯಾಡ. ಮೂರನೆಯ ಸಲ ಸ್ವಲ್ಪೇ ಸ್ವಲ್ಪ ಎಂದಾಗ ದೊಡ್ಡವ್ವ ಕುಳಿತಳು. ಆಮೇಲೆ ನೋಡಿದರೆ ಆ ಊರಲ್ಲಿ ಎಲ್ಲರೂ ಹಾಗೇ. ಮೊದಲ ಸಲ ಕೊಟ್ಟದ್ದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ನನಗೆ ಇಷ್ಟು ದೂರ ಬಂದು ಬೀಳಗಿಯಲ್ಲೇ ಇಳಿದ ಹಾಗೆ ಆಯಿತು.

ಮನೆಯಲ್ಲಿ ಉದ್ದ ಕಾಲಿನ, ಹೊಟ್ಟೆ ಬೆನ್ನಿಗೆ ಹತ್ತಿದ ನಾಯಿಯೊಂದಿತ್ತು. ದೊಡ್ಡವ್ವ ನೋಡಿದವಳೇ, "ಮುಧೋಳದ್ದ ಇಲ್ಲ್ಯಾಕ ಬಂತ ಬೇ?" ಎಂದಳು. ಇದು ಇವರದೇ ಬೇಟೆ ನಾಯಿ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಅದಕ್ಕೆ ಮುಧೋಳದ ಮಾತಲ್ಲೇ ಬಾರೋ, ಕುಂಡ್ರೋ ಎನ್ನುತ್ತಿದ್ದಳು. ಅದು ಕುಳಿತುಕೊಳ್ಳುತ್ತಿತ್ತು.

ಮಲಗುವುದೇ ಕಷ್ಟವಾಗಿತ್ತು. ಅಲ್ಲಿ ಆ ದಿನಗಳಲ್ಲಿ ರಾತ್ರಿ ಊಟ ಮುಗಿದರೂ ಬೆಳಕು ಹೋಗುವುದಿಲ್ಲ. ಪರದೆ ಎಳೆದರೂ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತಿತ್ತು. ನನ್ನ ಸೀರೆ ಹೀಟರಿನ ಮೇಲೆ ಎರಡು ದಿನವಾದರೂ ಒಣಗಲಿಲ್ಲ. ಕೊನೆಗೆ ಡೋನಲ್‌ನ ತಾಯಿ ತಮ್ಮ ಮಗಳ ಹಳೆಯ ಪ್ಯಾಂಟು, ಸ್ವೆಟರ್ ಕೊಟ್ಟರು. ಐವತ್ತೆರಡನೆಯ ವಯಸ್ಸಿಗೆ ಮೊದಲ ಸಲ ಪ್ಯಾಂಟು ಹಾಕಿದ ನನ್ನನ್ನು ದೊಡ್ಡವ್ವ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ, ಕಾಲ ಬೆಚ್ಚಗ ಆದವೇನು ಎಂದು ಮಾತ್ರ ಕೇಳಿದಳು.

ಹಿತ್ತಲಲ್ಲಿ ಹಕ್ಕಿಗಳು ನೀರು ಕುಡಿಯಲೆಂದು ಒಂದು ದುಂಡು ಕಲ್ಲು ಇಟ್ಟಿದ್ದರು. ನಡುವೆ ನೀರು ಸೋರದಂತೆ ಮುಚ್ಚಿದ ತೂತು, ಅಂಚಿನಲ್ಲಿ ಗೂಟ ಕೂರಿಸುವ ಚಿಕ್ಕ ಕುಳಿ. ನೋಡಿದ ಕೂಡಲೇ ಗುರುತು ಸಿಕ್ಕಿತು. ಬೀಸುಕಲ್ಲಿನ ಮೇಲಿನ ಭಾಗ. ಅಜ್ಜಿಯ ಅಜ್ಜಿಯ ಕಾಲದ್ದು, ಅದರ ಜೋಡಿ ಕಲ್ಲು ಕೊಟ್ಟಿಗೆಯ ಮೆಟ್ಟಿಲಾಗಿದೆ ಎಂದು ಡೋನಲ್ ಹೇಳಿದ. ದೊಡ್ಡವ್ವ ಒಳಗೆ ಹೋಗಿ ಪುಡಿಯಾದ ರೊಟ್ಟಿಯ ಒಂದು ಚಿಟಿಕೆ ತಂದು ತೂತಿನ ಬಾಯಿಯ ಹತ್ತಿರ ಇಟ್ಟಳು. ಹಕ್ಕಿ ಬಂದು ತಿಂದಿತು. ದೊಡ್ಡವ್ವ ಮತ್ತೆ ಇಟ್ಟಳು. ಡೋನಲ್‌ನ ತಾಯಿ ಕಿಟಕಿಯಿಂದ ಅದನ್ನೆಲ್ಲ ನೋಡುತ್ತಿದ್ದರು.

ತಾಲೀಮಿನ ಕೋಣೆ

ನಾಲ್ಕನೆಯ ದಿನ ತಾಲೀಮು. ಚರ್ಚಿನ ಪಕ್ಕದ ಕೋಣೆ. ನೆಲದ ತುಂಬ ವೈರು. ಡೋನಲ್‌ನ ಪಿಟೀಲು, ನಮ್ಮ ಹಲಗೆಯಂಥ ಒಂದು ಚರ್ಮವಾದ್ಯ, ಮೊಣಕೈಯಲ್ಲಿ ಒತ್ತಿ ನುಡಿಸುವ ಚೀಲದ ಕೊಳಲು, ನಡುವೆ ಮೇವ್‌ಳ ಲ್ಯಾಪ್‌ಟಾಪು. ಕಾರ್ಯಕ್ರಮ ಅದೇ ಭಾನುವಾರ ಮಧ್ಯಾಹ್ನ ಊರಿನ ಸಭಾಂಗಣದಲ್ಲಿ. ದೊಡ್ಡವ್ವನ ಹಾಡೇ ಅದರ ನಡುಗಂಬ ಎಂದು ಮೇವ್ ಹೇಳಿದಳು. ಒಂದು ವರ್ಷ ಅದರ ಮೇಲೆಯೇ ಕೆಲಸ ಮಾಡಿದ್ದಾಳಂತೆ.

ದೊಡ್ಡವ್ವನ ಕಿವಿಗೆ ಒಂದು ಹೆಡ್‌ಫೋನ್, ನನಗೊಂದು. ಮೊದಲು ಬಂದದ್ದು ರಬಕವಿಯ ಮಗ್ಗದ ಸದ್ದು, ನಿಧಾನ ಮಾಡಿದ್ದು. ಅದರ ಮೇಲೆ ಕೊಳಲಿನ ಒಂದೇ ಉದ್ದನೆಯ ಸ್ವರ. ಆಮೇಲೆ ದೊಡ್ಡವ್ವನ ದನಿ. ಹಾಡಿನ ನಡುವಿನ ಒಂದು ನುಡಿ, ತವರಿನಿಂದ ಯಾರಾದರೂ ಬಂದಾರೆಂದು ದಾರಿ ನೋಡುವ ನುಡಿ. ಅದು ಮುಗಿದು ಮತ್ತೆ ಅದೇ ಬಂತು. ಮತ್ತೆ ಅದೇ. ಒಂದೊಂದು ಸುತ್ತಿಗೂ ಕೆಳಗೆ ಒಂದೊಂದು ಸಪ್ಪಳ ಏರುತ್ತ ಹೋಯಿತು. ಸುಳ್ಳು ಯಾಕೆ ಹೇಳಲಿ, ನನ್ನ ಮೈ ಜುಮ್ಮೆಂದಿತು.

ದೊಡ್ಡವ್ವ ಮೊದಲು ನಕ್ಕಳು. ತೊಡೆಯ ಮೇಲಿದ್ದ ಅವಳ ಬಲಗೈ ತಾನಾಗಿಯೇ ಬೀಸುವ ಹಾಗೆ ಸುತ್ತತೊಡಗಿತು. ಸುತ್ತಿತು, ಸುತ್ತಿತು. ನುಡಿ ಮುಗಿಯಲೇ ಇಲ್ಲ. ಅವಳ ನಗು ಇಳಿಯಿತು. ಎಡಗೈಯಿಂದ ಬಲಗೈಯನ್ನು ಹಿಡಿದು ನಿಲ್ಲಿಸಿ, ಹೆಡ್‌ಫೋನ್ ತೆಗೆದಿಟ್ಟಳು.

"ಕಾಳ ಎಲ್ಲೈತಿ ಬೇ?"

"ಯಾವ ಕಾಳ, ದೊಡ್ಡವ್ವಾ?"

"ಕಲ್ಲ ತಿರಗಾಕತ್ತೈತಿ, ಕಾಳ ಹಾಕವರ ಯಾರು? ಇವರು ಖಾಲಿ ಕಲ್ಲ ತಿರುವಾಕತ್ತಾರ, ಶಾರಿ. ನಾ ಹಾಡಂಗಿಲ್ಲ."

ನಮ್ಮ ಮನೆಗಳಲ್ಲಿ ಕಾಳು ಹಾಕದೆ ಬೀಸುಕಲ್ಲು ತಿರುಗಿಸುವುದಿಲ್ಲ. ಕಲ್ಲು ಕಲ್ಲನ್ನೇ ತಿನ್ನುತ್ತದೆ, ಮನೆಗೆ ಒಳ್ಳೆಯದಲ್ಲ ಎನ್ನುತ್ತಾರೆ. ಚಿಕ್ಕವರಿದ್ದಾಗ ಆಟಕ್ಕೆ ತಿರುಗಿಸಿ ಪೆಟ್ಟು ತಿಂದಿದ್ದೇವೆ. ಹಾಡೂ ಹಾಗೇ. ಮೊದಲ ಹಿಡಿ ಹಾಕುವಾಗ ಕಲ್ಲನ್ನು ಎಬ್ಬಿಸುವ ನುಡಿ. ಆಮೇಲೆ ಒಂದು ಹಿಡಿಗೆ ಒಂದು ನುಡಿ. ಕಾಳು ಮುಗಿಯುತ್ತ ಬಂದಾಗ ಕಲ್ಲನ್ನು ಮಲಗಿಸುವ ನುಡಿ. ಕೊನೆಗೆ ನಾಲ್ಕು ಕಾಳು ಅದರ ಬಾಯಲ್ಲೇ ಬಿಟ್ಟು ಕೈ ಮುಗಿಯಬೇಕು. ಮೇವ್ ನಡುವಿನದೊಂದನ್ನು ಕತ್ತರಿಸಿಕೊಂಡಿದ್ದಳು. ಅದಕ್ಕೆ ಏಳುವುದೂ ಇರಲಿಲ್ಲ, ಮಲಗುವುದೂ ಇರಲಿಲ್ಲ.

ಐದೂ ಜನ ನನ್ನ ಮುಖ ನೋಡುತ್ತಿದ್ದರು. ಏನಾಯಿತು ಎಂದು ಮೇವ್ ಕೇಳಿದಳು.

ಅವರ ಉಪ್ಪು ಉಂಡಿದ್ದೆವು. ಅವರ ಸ್ವೆಟರ್ ನನ್ನ ಮೈಮೇಲಿತ್ತು. ನಮ್ಮ ಕಡೆ ಯಾರಿಗೂ ಎದುರಿಗೆ ಒಲ್ಲೆ ಎಂದು ಹೇಳಿ ಗೊತ್ತಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ, ಹೋಗುವುದಿಲ್ಲ ಎಂದು ಗೊತ್ತಿದ್ದರೂ ನೋಡ್ತೇವ್ರಿ ಎನ್ನುತ್ತೇವೆ. ನಾನು ಹೇಳಿದೆ, ಅವಳಿಗೆ ದಣಿವಾಗಿದೆ.

ದಣಿವಿನ ಉಪಚಾರ

ಆ ಒಂದು ಮಾತಿನಿಂದ ಎಲ್ಲರ ಪ್ರೀತಿ ಇಮ್ಮಡಿಯಾಯಿತು. ಬಿಸಿನೀರಿನ ಚೀಲ ಬಂತು, ಸೂಪು ಬಂತು, ಡೋನಲ್ ಎಲ್ಲಿಂದಲೋ ಮೆತ್ತನೆಯ ಕುರ್ಚಿ ಹೊತ್ತು ತಂದ. ದೊಡ್ಡವ್ವನಿಗೆ ಒಂದೂ ಅರ್ಥವಾಗಲಿಲ್ಲ. ನನಗ ಏನಾಗೈತಿ ಅಂತ ಹೇಳಿದಿ ಇವರಿಗೆ ಎಂದು ಕೇಳಿದಳು. ಥಂಡಿ ಅಂತ ಹೇಳೇನಿ ಎಂದೆ.

ಮರುದಿನ ನಮ್ಮನ್ನು ಸಮುದ್ರಕ್ಕೆ ಕರೆದೊಯ್ದರು, ಗಾಳಿಯಿಂದ ಹುಷಾರಾಗಲಿ ಎಂದು. ಗಾಳಿ ಎಷ್ಟೆಂದರೆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಹಿಂದಕ್ಕೆ ಹೋಗುತ್ತಿತ್ತು. ದೊಡ್ಡವ್ವ ನೀರಿನ ಕಡೆ ನೋಡುತ್ತ ಬೆಂಚಿನ ಮೇಲೆ ಕುಳಿತಳು. ಇದರ ತಳದಾಗೂ ಊರ ಅದಾವೇನು ಎಂದು ಕೇಳಿದಳು. ಅವಳ ಸೆರಗು ಹಾರದಂತೆ ಹಿಡಿದುಕೊಂಡು ಪಕ್ಕದಲ್ಲಿ ಕುಳಿತೆ.

ಅಲ್ಲಿಗೆ ಮೇವ್ ನಗುತ್ತ ಬಂದಳು. ಒಂದು ದಾರಿ ಸಿಕ್ಕಿದೆ ಎಂದಳು. ದೊಡ್ಡವ್ವ ಹಾಡಿ ದಣಿಯುವುದೇ ಬೇಡ. ವೇದಿಕೆಯ ಮೇಲೆ ಮೆತ್ತನೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತರೆ ಸಾಕು; ದನಿ ಯಂತ್ರದಿಂದಲೇ ಬರುತ್ತದೆ, ಜನ ಅವಳನ್ನು ನೋಡುತ್ತಾರೆ.

"ಏನಂತಾಳ?" ಎಂದಳು ದೊಡ್ಡವ್ವ.

"ಆರಾಮ ತಗೋ ಅಂತಾಳ," ಎಂದೆ.

ಮೇವ್‌ಗೂ ಅವಳ ಉತ್ತರ ಬೇಕಿತ್ತು. ನೋಡೋಣ ಎನ್ನುತ್ತಾಳೆ ಎಂದೆ. ಐದು ದಿನದಿಂದ ಎರಡು ಕಡೆಯ ಮಾತನ್ನೂ ನಾನೊಬ್ಬಳೇ ಹೊತ್ತಿದ್ದೆ. ಹೊತ್ತಿದ್ದರಲ್ಲಿ ಅರ್ಧವನ್ನು ದಾರಿಯಲ್ಲೇ ಇಳಿಸಿಬಿಟ್ಟಿದ್ದೆ. ಗಾಡಿಯಲ್ಲಿ ವಾಪಸು ಬರುವಾಗ ಕಾಲಿನ ನೋವಿಗಿಂತ ಅದೇ ಭಾರವಾಗಿತ್ತು.

ಅಡುಗೆಮನೆ

ಸಂಜೆ ಡೋನಲ್‌ನ ತಾಯಿ ಕಪ್ಪು ತೊಳೆಯುತ್ತಿದ್ದರು. ನಾನು ಒರೆಸಿ ಇಡುತ್ತಿದ್ದೆ. ಅವರು ತಿರುಗಿ ನೋಡದೆಯೇ ಕೇಳಿದರು: ನಿನ್ನ ದೊಡ್ಡವ್ವ ದಣಿದಿದ್ದಾರೋ, ಇಲ್ಲ ಅವರಿಗೆ ಅದಕ್ಕೆ ಮನಸ್ಸಿಲ್ಲವೋ? ನಾನು ಒರೆಸಿದ ಕಪ್ಪನ್ನೇ ಮತ್ತೆ ಒರೆಸಿದೆ. ನಮ್ಮ ಮನೆಯಲ್ಲೂ ಯಾರೂ ಒಲ್ಲೆ ಎಂದವರಲ್ಲ, ನನ್ನ ತಾಯಿ ನಲವತ್ತು ವರ್ಷ ದಣಿದೇ ಇದ್ದಳು, ಎಂದರು.

ನಾನು ಕಪ್ಪು ಕೆಳಗಿಟ್ಟು ಕುರ್ಚಿ ಎಳೆದು ಕುಳಿತೆ. ಎಲ್ಲ ಹೇಳಿದೆ. ಅವರು ಕೈ ಒರೆಸಿಕೊಂಡು ಡೋನಲ್‌ನನ್ನೂ ಮೇವ್‌ಳನ್ನೂ ಕರೆದರು. ನಾನು ದೊಡ್ಡವ್ವನನ್ನು ಕರೆತಂದೆ. ನೀನೇ ಹೇಳು, ನಾನು ಒಂದಕ್ಷರ ಕೂಡಿಸದೆ ಕಳೆಯದೆ ಅವರಿಗೆ ಮುಟ್ಟಿಸುತ್ತೇನೆ ಎಂದೆ. ಇಷ್ಟ ದಿನ ಏನ ಮುಟ್ಟಿಸಿದಿ ಎಂಬ ಹಾಗೆ ಅವಳು ನನ್ನನ್ನು ನೋಡಿದಳು. ಆಮೇಲೆ ಮೇವ್‌ಳ ಕಡೆ ತಿರುಗಿದಳು.

"ನಮ್ಮೂರ ನೀರಾಗ ಹೋಗೂಮುಂದ ಹಂಚು, ತೊಲಿ, ಬಾಗಲಾ ಎಲ್ಲಾ ಚಕ್ಕಡಿಗೆ ಹೇರಿದ್ವಿ. ಬೀಸುಕಲ್ಲ ಹೇರಾಕ ಜಾಗಾ ಆಗಲಿಲ್ಲ. ನಮ್ಮವ್ವ ಎರಡ ಹಿಡಿ ಜ್ವಾಳ ಅದರ ಬಾಯಾಗ ಹಾಕಿ, ಕೈ ಮುಗದ ಬಂದ್ಲು. ನೀರಾಗಿದ್ರೂ ಅದು ಉಪಾಸ ಇರಬಾರದು ಅಂತ." ನಾನು ಹೇಳಿ ಮುಗಿಸುವವರೆಗೆ ಕಾದಳು. "ಈ ಹುಡಿಗಿ ಮಾಡಿದ್ದು ಕೇಳಾಕ ಛಲೋ ಐತಿ. ಆಕಿಗೆ ಗೊತ್ತಿಲ್ಲ, ಆಕಿ ತಪ್ಪಲ್ಲ. ಆದ್ರ ಬಾಯಿ ಖಾಲಿ ಇಟ್ಟ ತಿರುವೂದು ನನಗ ಕುಂತ ನೋಡಾಕ ಆಗೂದಿಲ್ಲ."

ಮೇವ್‌ಳ ಮುಖ ಕೆಂಪಾಯಿತು. ವರ್ಷದ ಕೆಲಸ, ನಾಡಿದ್ದು ಕಾರ್ಯಕ್ರಮ. ಎದ್ದು ಹಿತ್ತಲಿಗೆ ಹೋದಳು. ಮುಗಿಯಿತು ಎಂದುಕೊಂಡೆ. ನಾಚಿಕೆಯ ಮಾತು, ಆಗ ನನಗೆ ಬಂದ ಯೋಚನೆ ವಾಪಸಿನ ಟಿಕೆಟ್ಟಿನದು. ಬೇಗ ಹೋಗಿ ನನ್ನ ಮಂಚದ ಮೇಲೆ ಮಲಗಬಹುದಲ್ಲ ಎಂದು. ಕಿಟಕಿಯಿಂದ ನೋಡಿದರೆ ಅವಳು ಹಕ್ಕಿ ನೀರಿನ ಕಲ್ಲಿನ ಹತ್ತಿರ ಬಗ್ಗಿ ನಿಂತಿದ್ದಳು. ಬೆರಳಿಂದ ಅದರ ಬಾಯಿ ತಡವುತ್ತಿದ್ದಳು.

ಒಳಗೆ ಬಂದು ಒಂದೇ ಪ್ರಶ್ನೆ ಕೇಳಿದಳು. ಯಾವ ಕಾಳು ಬೇಕು?

ದೊಡ್ಡವ್ವನಿಗೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿದಳು. "ಯಾ ಊರಿನ ಕಲ್ಲಿಗೆ ಆ ಊರಿನ ಕಾಳ. ಇವರ ಹೊಲದಾಗ ಏನ ಬೆಳಿತೈತಿ ಕೇಳು."

ಕುದುರೆ ಕಾಳು

ಅಲ್ಲಿ ಬೆಳೆಯುವುದು ಓಟ್ಸ್. ನಮ್ಮಲ್ಲಿ ಸಕ್ಕರೆ ಕಾಯಿಲೆಯವರು ಪೊಟ್ಟಣದಲ್ಲಿ ಕೊಳ್ಳುವುದೇ ಅದು, ಆದರೆ ಚಪ್ಪಟೆ ಮಾಡದ ಇಡೀ ಕಾಳು ಸಿಕ್ಕಿದ್ದು ಪಕ್ಕದ ಹೊಲದವನ ಕುದುರೆ ಲಾಯದಲ್ಲಿ. ದೊಡ್ಡವ್ವ ಅಂಗೈಯಲ್ಲಿ ಉಜ್ಜಿ, ಊದಿ, ಹಲ್ಲಲ್ಲಿ ಕಡಿದು ನೋಡಿದಳು. ಕುದುರಿ ತಿಂದು ಓಡ್ತಾವಂದ್ರ ಕಲ್ಲೂ ತಿರಗತೈತಿ ಎಂದಳು.

ಡೋನಲ್ ಕೊಟ್ಟಿಗೆಯ ಮೆಟ್ಟಿಲನ್ನು ಹಾರೆಯಿಂದ ಎಬ್ಬಿಸಿದ. ತುಳಿದು ತುಳಿದು ಅದರ ಒಂದು ಮೈ ನುಣುಪಾಗಿತ್ತು. ಅಡಿಯ ಮೈಯಲ್ಲಿ ಹಳೆಯ ಹಲ್ಲು ಇನ್ನೂ ಇದ್ದವು. ಉಳಿ ಹಿಡಿದು ಎಲ್ಲಿ ಕುಟ್ಟಬೇಕು, ಎಷ್ಟು ಕುಟ್ಟಬೇಕು ಎಂದು ದೊಡ್ಡವ್ವ ಕುಕ್ಕರುಗಾಲಲ್ಲಿ ಕುಳಿತು ತೋರಿಸಿದಳು. ಜೋರಾಗಿ ಕುಟ್ಟಿದರೆ ಅವನ ಮಣಿಕಟ್ಟಿಗೆ ಒಂದು ಏಟು. ಗೂಟಕ್ಕೆ ಅವರ ಊರಿನ ಆಟದ ಮುರಿದ ಕೋಲನ್ನು ಅವನು ಕೆತ್ತಿದ. ಈ ಎಲ್ಲದರಲ್ಲಿ ನನ್ನನ್ನು ಯಾರೂ ಕರೆಯಲಿಲ್ಲ. ಕೈಗಳೇ ಮಾತಾಡಿಕೊಂಡವು. ಆರು ದಿನದಲ್ಲಿ ಮೊದಲ ಸಲ ನನ್ನ ಬಾಯಿ ಯಾರಿಗೂ ಬೇಕಾಗಿರಲಿಲ್ಲ. ಸೋಫಾದ ಮೇಲೆ ಕಾಲು ಚಾಚಿದೆ. ಮುಧೋಳದ ನಾಯಿ ಬಂದು ಪಾದದ ಮೇಲೆ ಮಲಗಿತು. ನಿದ್ದೆ ಹತ್ತಿತು.

ಎಚ್ಚರವಾದದ್ದು ಕಲ್ಲಿನ ಸದ್ದಿಗೆ. ಕಿಟಕಿಯ ಹೊರಗೆ ಮೋಡದ ಹಗಲು. ಹಿತ್ತಲಲ್ಲಿ ಚಾಪೆಯ ಮೇಲೆ ಕಲ್ಲು. ಒಂದು ಕಡೆ ದೊಡ್ಡವ್ವ, ಎದುರಿಗೆ ಮೇವ್, ಒಂದೇ ಗೂಟದ ಮೇಲೆ ಇಬ್ಬರ ಕೈ. ಬೀಸಲು ಎದುರು ಒಬ್ಬರು ಬೇಕು. ಮುಂದೆ ಹಾಡುವವಳು ನುಡಿ ಎತ್ತುತ್ತಾಳೆ, ಎದುರು ಕುಳಿತವಳು ಅದರ ಬಾಲ ಹಿಡಿದು ಮರಳಿ ಹೇಳುತ್ತಾಳೆ. ಮೇವ್ ಆ ಬಾಲವನ್ನು ಹೇಳುತ್ತಿದ್ದಳು. ಅರ್ಥ ತಿಳಿಯದಿದ್ದರೂ ಸ್ವರ ತಪ್ಪುತ್ತಿರಲಿಲ್ಲ. ಬೀಳಗಿಯ ಮದುವೆಯಲ್ಲಿ ಎದುರು ಕುಂಡ್ರ ಬಾ ಎಂದು ದೊಡ್ಡವ್ವ ನನ್ನನ್ನೇ ಕರೆದಿದ್ದಳು. ಚಹಾ ನೋಡಬೇಕು ಎಂದು ನಾನು ಎದ್ದು ಹೋಗಿದ್ದೆ.

ಕಿಟಕಿಯ ಹತ್ತಿರ ನಿಂತವಳು ಹೊರಗೆ ಹೋಗಲಿಲ್ಲ.

ಸಭಾಂಗಣ

ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಒದ್ದೆ ಕೋಟುಗಳ ವಾಸನೆ. ಮುಂದಿನ ಸಾಲಿನಲ್ಲಿ ಡೋನಲ್‌ನ ತಾಯಿ, ಪಕ್ಕದಲ್ಲಿ ನಾನು. ಒಣಗಿದ ಸೀರೆಯನ್ನೇ ಉಟ್ಟಿದ್ದೆ.

ವೇದಿಕೆಯ ಮೇಲೆ ಮೆತ್ತನೆಯ ಕುರ್ಚಿ ಇರಲಿಲ್ಲ. ಚಾಪೆ, ಕಲ್ಲು, ತಟ್ಟೆಯಲ್ಲಿ ಓಟ್ಸ್. ದೊಡ್ಡವ್ವ ಮೊದಲ ಹಿಡಿ ಹಾಕಿ ಎಬ್ಬಿಸುವ ನುಡಿ ಎತ್ತಿದಳು. ಮೇವ್ ಬಾಲ ಹಿಡಿದಳು. ಎರಡನೆಯ ಹಿಡಿಗೆ ಡೋನಲ್ ಪಿಟೀಲಿನ ಕಮಾನು ಎತ್ತಿದ. ಅವನ ಕಣ್ಣು ಸ್ವರಲಿಪಿಯ ಪುಸ್ತಕದ ಮೇಲಿರಲಿಲ್ಲ, ಅವಳ ಮುಷ್ಟಿಯ ಮೇಲಿತ್ತು. ಮೂರನೆಯದಕ್ಕೆ, ಈಗ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ ತಂಡದ ಐದನೆಯವನ ಕೈಯಿಂದ ರಬಕವಿಯ ಮಗ್ಗ. ಆಮೇಲೆ ಕೊಳಲು, ಹಲಗೆ, ಎದೆಯೊಳಗೆ ಗುದ್ದುವ ಯಂತ್ರದ ತಾಳ. ಹಿಡಿ ಹಾಕಿದರೆ ಒಂದು ಸುತ್ತು. ಕೈ ತಡವಾದರೆ ಐದೂ ಜನ ತಡೆದು ನಿಂತರು. ಹಿಂದೆ ಕುಳಿತ ಹುಡುಗರು ಕಾಲಿನಿಂದ ನೆಲ ತಟ್ಟತೊಡಗಿದರು. ಕಲ್ಲಿನ ಸುತ್ತ ಮಾಸಲು ಬಿಳಿಯ ಹಿಟ್ಟು ಬಿತ್ತು.

ತಟ್ಟೆ ಖಾಲಿಯಾಗುತ್ತ ಬಂತು. ಮೊದಲು ಅವರು ಬರೆದಿಟ್ಟಿದ್ದ ದೊಡ್ಡ ಮುಕ್ತಾಯ ಬರಲೇ ಇಲ್ಲ. ಮೇವ್ ಎಡಗೈ ಎತ್ತಿದಾಗ ಯಂತ್ರ ಇಳಿಯಿತು, ಪಿಟೀಲು ಇಳಿಯಿತು, ಕಲ್ಲಿನ ಸದ್ದೊಂದೇ ಉಳಿಯಿತು. ಮಲಗಿಸುವ ನುಡಿ ಹೇಳಿ, ನಾಲ್ಕು ಕಾಳು ಬಾಯಲ್ಲಿ ಬಿಟ್ಟು, ದೊಡ್ಡವ್ವ ಕೈ ಮುಗಿದಳು. ಮೇವ್ ಕೂಡ.

ಜನ ಇನ್ನೂ ಇದೆ ಎಂದು ಕಾದರು. ಯಾರೋ ಕೆಮ್ಮಿದರು. ಡೋನಲ್‌ನ ತಾಯಿ ಎದ್ದು ನಿಂತ ಮೇಲೆಯೇ ಉಳಿದವರಿಗೆ ತಿಳಿದದ್ದು.

ಹೊರಡುವ ಮುನ್ನ ದೊಡ್ಡವ್ವ ಒಂದು ಮಾತು ಹೇಳಿಸಿದಳು. ಇದನ್ನು ಡಿಸ್ಕಿಗೆ ಹಾಕಬೇಡಿ, ಬೀಳಗಿಯಲ್ಲಿ ತುಂಬಿಕೊಂಡದ್ದನ್ನೂ ಅಳಿಸಿಬಿಡಿ, ಅದು ಯಾರೂ ಕಾಳು ಹಾಕದೆ ತಿರುಗುತ್ತದೆ. ಮೇವ್ ತಲೆ ತಗ್ಗಿಸಿ ನಿಂತಳು. ಆಮೇಲೆ ಒಪ್ಪಿದಳು. ಕಲ್ಲು ಇದ್ದಲ್ಲಿ ಮಾತ್ರ ಹಾಡುತ್ತೇನೆ ಎಂದಳು. ದೊಡ್ಡವ್ವ ತನ್ನ ತೊಳೆದ ಬೆಣ್ಣೆ ಡಬ್ಬಿಯಲ್ಲಿ ಆ ಹಿಟ್ಟನ್ನು ತುಂಬಿ ಡೋನಲ್‌ನ ತಾಯಿಯ ಕೈಗೆ ಕೊಟ್ಟಳು. ಅವರು ಎರಡು ಸಲ ಬೇಡವೆಂದು, ಮೂರನೆಯ ಸಲ ತೆಗೆದುಕೊಂಡರು.

ಬೀಳಗಿ ಬಸ್ ಸ್ಟ್ಯಾಂಡ್

ವಿಮಾನದಲ್ಲಿ ನಾನು ಲೆಕ್ಕ ಹಾಕಿ ನೋಡಿದೆ. ಹಾಡು ಉಳಿಯಲಿ ಎಂದು ಹೋದವಳು, ಅದು ಯಂತ್ರದಲ್ಲಿ ಉಳಿಯುವ ದಾರಿಯನ್ನು ತಾನೇ ಮುಚ್ಚಿ ಬಂದಿದ್ದಾಳೆ. ಮೇವ್‌ಗೆ ಬಂದದ್ದು ಎದುರು ಕುಳಿತವರ ಪಾಲು ಮಾತ್ರ. ನುಡಿ ಎತ್ತಿ ಕೊಡುವವರಿಲ್ಲದಿದ್ದರೆ ಆ ಬಾಲ ಹಿಡಿದು ಅವಳೇನು ಮಾಡಿಯಾಳು? ದೊಡ್ಡವ್ವನಿಗೆ ಇದು ತಿಳಿಯದೆ ಇರಲಿಲ್ಲ. ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

ಲೋಕಾಪುರ ದಾಟಿದ ಮೇಲೆ ಬಿಸಿಲು ಕಿಟಕಿಯಿಂದ ತೊಡೆಯ ಮೇಲೆ ಬಿತ್ತು. ಹನ್ನೊಂದು ದಿನದ ತೇವ ಆಗ ಮೂಳೆ ಬಿಟ್ಟಿತು. ಬೀಳಗಿಯಲ್ಲಿ ಬಸ್ಸು ನಿಂತಾಗ ಹತ್ತುವವರು ಬಾಗಿಲಿಗೆ ಮುತ್ತಿದ್ದರು. ದೊಡ್ಡವ್ವ ಅವರನ್ನು ತಡೆದು, ಡ್ರೈವರ್ ಕಡೆ ತಿರುಗಿ, "ಛಲೋ ತಂದ ಮುಟ್ಟಿಸಿದ್ರಿ ನೋಡ್ರಿ," ಎಂದಳು. ಡ್ರೈವರ್, ಆಕೆ ಏನೋ ಮರೆತು ಇಳಿಯುತ್ತಿದ್ದಾಳೆ ಎಂದುಕೊಂಡು ಸೀಟಿನ ಕೆಳಗೆ ಬಗ್ಗಿ ನೋಡಿದರು.

ಅವಳ ಮಗ ಗಾಡಿ ತಂದಿದ್ದ. ಚೀಲ ಇಟ್ಟ ಮೇಲೆ ಅವಳು ನನ್ನ ಮುಖ ನೋಡಿದಳು. ನನ್ನನ್ನು ಅವಳು ಒಮ್ಮೆ ಕೇಳಿಯಾಗಿತ್ತು, ಇನ್ನೊಮ್ಮೆ ಕೇಳುವವಳಲ್ಲ.

"ಆಯ್ತವಾರ ಬರ್ತೇನಿ, ದೊಡ್ಡವ್ವಾ," ಎಂದೆ. "ಕಲ್ಲ ತೊಳದ ಇಡು."

"ದಣದೀದಿ. ಮನಿಗೆ ಹೋಗಿ ಮಲ್ಕೋ ಹೋಗು."

"ದಣದೇನಿ, ಖರೆ. ಬರ್ತೇನಿ."

ಆ ಭಾನುವಾರ ಹೋದೆ. ಮುಂದೆ ಹಾಡುವವರ ಜಾಗದಲ್ಲಿ ನನ್ನನ್ನು ಕೂರಿಸಿ, ತಾನು ಎದುರು ಕುಳಿತಳು. ನನ್ನ ದನಿ ಒಡೆಯಿತು. ಮತ್ತ ಎತ್ತು ಎಂದಳು. ಒಂದು ನುಡಿಗೆ ಒಂದು ಹಿಡಿ ಎಂಬುದು ನನ್ನ ಪಾಲಿಗೆ ನಡೆಯಲಿಲ್ಲ. ಎಬ್ಬಿಸುವ ನುಡಿಯೊಂದು ಬಾಯಿಗೆ ಕೂಡುವಷ್ಟರಲ್ಲಿ ಒಂದು ಸೇರು ಜೋಳ ಮುಗಿದಿತ್ತು. ಆ ಹಿಟ್ಟನ್ನು ಬನಹಟ್ಟಿಗೆ ಹೊತ್ತು ತಂದೆ. ಈ ವಾರವಿಡೀ ನಮ್ಮ ಮನೆಯಲ್ಲಿ ಅದರದೇ ರೊಟ್ಟಿ. ಸ್ವಲ್ಪ ತರಿತರಿ ಆಗೇತಿ ಎನ್ನುತ್ತಾರೆ ನಮ್ಮವರು.